ಟ್ಯೂಬ್‌ಲೈಟ್ ಒಡೆದ ಮೇಲೆ

ಬೆಳಗ್ಗೆ ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಗೆ ಹೋದರೆ ನನ್ನ ಗೆಳೆಯ ಸಿಗುತ್ತಾನೆ. ಒಂದು ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವನದು. ಸಾಲಾಗಿ ಜೋಡಿಸಿದ 15 ಕೆ.ಜಿ.ಯ ಬಾಕ್ಸ್‌ಗಳು, ಹರಾಜು ಕೂಗುವವರ ಗದ್ದಲ, ಲಾರಿಗಳ ಹಾರ್ನ್. ಅದರ ಮಧ್ಯೆ ಅವನು ರೈತರ ಹೆಸರು, ಬಾಕ್ಸ್ ಎಷ್ಟು, ರೇಟು ಎಷ್ಟು ಎಂದು ಬರೆಯುತ್ತಾ ಹೋಗುತ್ತಾನೆ. ಅಕ್ಷರ ಚೆನ್ನಾಗಿದೆ. ಆದರೆ ಪೆನ್ನು ಹಿಡಿದ ಬಲಗೈ ನೋಡಿದರೆ ಉಂಗುರದ ಬೆರಳು, ಕಿರುಬೆರಳು ಎರಡೂ ನೆಟ್ಟಗೆ ನಿಂತಿರುತ್ತವೆ. ಅವು ಮಡಚುವುದಿಲ್ಲ.

ಯಾರಾದರೂ ಕೇಳಿದರೆ ‘ಗಾಜು ಕುಯ್ತು ಅಣ್ಣ’ ಎಂದು ಮುಂದಿನ ಬಾಕ್ಸ್ ಎಣಿಸುತ್ತಾನೆ.

ಆ ಗಾಜನ್ನು ಅವನ ಕೈಗೆ ಹೊಡೆದವನು ನಾನು. ಮೂರು ವರ್ಷ ಈ ಮಾತನ್ನು ಯಾರ ಹತ್ತಿರವೂ ಪೂರ್ತಿ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ, ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮ್ಯಾನ್‌ಕೈಂಡ್ ಎಲ್ಲಿಂದ ಬಂದ?

ನಾವು ನಾಲ್ವರು ಕೋಲಾರದ ಒಂದು ಕಾಲೇಜಿನಲ್ಲಿ ಬಿಕಾಂ ಓದುತ್ತಿದ್ದೆವು. ಒಬ್ಬ ಕೋಲಾರದವನೇ. ಒಬ್ಬ ಮಾಲೂರಿನಿಂದ, ಒಬ್ಬ ಮುಳಬಾಗಿಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಶ್ರೀನಿವಾಸಪುರ. ಮೊದಲ ದಿನವೇ ನಾಲ್ವರನ್ನೂ ಒಂದೇ ಬೆಂಚಿಗೆ ತಂದದ್ದು ಕುಸ್ತಿ. ಅಂದರೆ ಟಿವಿ ಕುಸ್ತಿ. ನಿಮ್ಮಲ್ಲೂ ಬಹಳ ಜನ ಟ್ರಂಪ್ ಕಾರ್ಡ್ ಆಡಿ ಬೆಳೆದವರೇ ಇರುತ್ತೀರಿ. ಅಂಡರ್‌ಟೇಕರ್ ಕಾರ್ಡು ಕೈಗೆ ಬಂದರೆ ಆ ದಿನ ಇಡೀ ಬೀದಿಗೆ ನಾವೇ ರಾಜರು.

1998ರಲ್ಲಿ ಅಂಡರ್‌ಟೇಕರ್ ಕಬ್ಬಿಣದ ಪಂಜರದ ಮೇಲಿನಿಂದ ಮ್ಯಾನ್‌ಕೈಂಡ್‌ನನ್ನು ಕೆಳಗಿನ ಮೇಜಿನ ಮೇಲೆ ಎಸೆದ ದೃಶ್ಯ ನಾವು ಹುಟ್ಟುವ ಮುಂಚಿನದು. ಆದರೂ ನಾವು ಅದನ್ನು ನೂರು ಸಲ ನೋಡಿದ್ದೆವು. ಇಷ್ಟು ಏಟು ತಿನ್ನಲು ಈ ಮನುಷ್ಯ ಎಲ್ಲಿ ಕಲಿತ ಎಂದು ಹುಡುಕಿದಾಗ ಸಿಕ್ಕಿದ್ದು ಜಪಾನ್. ಮ್ಯಾನ್‌ಕೈಂಡ್ ಆಗುವ ಮೊದಲು ಮಿಕ್ ಫೋಲಿ ಅಲ್ಲಿ ‘ಕ್ಯಾಕ್ಟಸ್ ಜ್ಯಾಕ್’. 1995ರ ಆಗಸ್ಟ್ 20ರಂದು ಕವಾಸಾಕಿ ಕ್ರೀಡಾಂಗಣದಲ್ಲಿ ಐಡಬ್ಲ್ಯೂಎ ಜಪಾನ್ ಎಂಬ ಸಣ್ಣ ಸಂಸ್ಥೆ ‘ಕಿಂಗ್ ಆಫ್ ದಿ ಡೆತ್‌ಮ್ಯಾಚ್’ ಟೂರ್ನಿ ನಡೆಸಿತು. ಫೋಲಿ ಒಂದೇ ದಿನ ಮೂರು ಪಂದ್ಯ ಆಡಿ, ಫೈನಲ್‌ನಲ್ಲಿ ತಾನು ಗುರುವಿನಂತೆ ಕಾಣುತ್ತಿದ್ದ ಟೆರ್ರಿ ಫಂಕ್‌ನನ್ನು ಸೋಲಿಸಿದ. ಹಗ್ಗದ ಬದಲು ಮುಳ್ಳುತಂತಿ, ಜೊತೆಗೆ ಸ್ಫೋಟಕ. ಆ ವಿಡಿಯೊ ನೋಡಿದ ಮೇಲೆ ನಮಗೆ ಟಿವಿ ಕುಸ್ತಿ ಸಪ್ಪೆ ಅನ್ನಿಸತೊಡಗಿತು.

ಸ್ಫೋಟಿಸುವ ಅಖಾಡ

ಡೆತ್‌ಮ್ಯಾಚ್ ಎಂದರೆ ಸಾಯುವವರೆಗೆ ಹೊಡೆದಾಡುವುದಲ್ಲ. ಇದೂ ಪ್ರೊ ರೆಸ್ಲಿಂಗ್. ಯಾರು ಗೆಲ್ಲಬೇಕು ಎಂಬುದು ಮೊದಲೇ ನಿಗದಿ. ಆದರೆ ಗಾಜು ನಿಜ, ತಂತಿ ನಿಜ, ರಕ್ತವೂ ನಿಜ.

ಜಪಾನಿನಲ್ಲಿ ಇದನ್ನು ದೊಡ್ಡದು ಮಾಡಿದವನು ಅತ್ಸುಶಿ ಒನಿತಾ. ದೊಡ್ಡ ಸಂಸ್ಥೆಯೊಂದರಲ್ಲಿ ಬೆಳೆಯುತ್ತಿದ್ದ ಹುಡುಗ. ಮಂಡಿಯ ಗಾಯದಿಂದಾಗಿ 1985ರಲ್ಲಿ ನಿವೃತ್ತನಾಗಬೇಕಾಯಿತು. ಆಗ ಅವನಿಗೆ 30 ವರ್ಷವೂ ತುಂಬಿರಲಿಲ್ಲ. 1989ರಲ್ಲಿ ಫ್ರಾಂಟಿಯರ್ ಮಾರ್ಷಲ್ ಆರ್ಟ್ಸ್ ರೆಸ್ಲಿಂಗ್, ಅಂದರೆ ಎಫ್‌ಎಂಡಬ್ಲ್ಯೂ, ಎಂಬ ಸ್ವಂತ ಸಂಸ್ಥೆ ಕಟ್ಟಿದ. ಶುರು ಮಾಡುವಾಗ ಕೈಯಲ್ಲಿದ್ದದ್ದು 50 ಸಾವಿರ ಯೆನ್ ಮಾತ್ರ ಎಂದು ಅಭಿಮಾನಿಗಳು ಇವತ್ತಿಗೂ ಹೇಳುತ್ತಾರೆ. ಟಿವಿಯವರು ತಿರುಗಿ ನೋಡಲಿಲ್ಲ, ದೊಡ್ಡ ಹೆಸರಿನ ಕುಸ್ತಿಪಟುಗಳೂ ಇರಲಿಲ್ಲ. ಜನ ಬರಬೇಕಾದರೆ ದೊಡ್ಡವರು ಮಾಡದ್ದನ್ನು ಮಾಡಬೇಕಿತ್ತು. 1990ರ ಆಗಸ್ಟ್ 4ರಂದು ಟೋಕಿಯೊದ ಶಿಯೊದೊಮೆಯ ಬಯಲಿನಲ್ಲಿ ಅಖಾಡದ ಹಗ್ಗ ಬಿಚ್ಚಿ ಮುಳ್ಳುತಂತಿ ಸುತ್ತಿದರು. ಮೈ ತಾಗಿದರೆ ಸಿಡಿಯುವಂತೆ ಅದಕ್ಕೆ ಸಣ್ಣ ಸ್ಫೋಟಕ ಕಟ್ಟಿದರು. ಎದುರಾಳಿ ಟಾರ್ಜನ್ ಗೊಟೊ, ಒನಿತಾನ ಜೊತೆಗಾರನೇ. ಕುಸ್ತಿಗೆ ಪ್ರಶಸ್ತಿ ಕೊಡುವ ಟೋಕಿಯೊ ಸ್ಪೋರ್ಟ್ಸ್ ಪತ್ರಿಕೆ ಅದನ್ನೇ ಆ ವರ್ಷದ ಶ್ರೇಷ್ಠ ಪಂದ್ಯ ಎಂದು ಆರಿಸಿತು.

ಅಲ್ಲಿಂದ ಬಣಗಳ ಕಥೆ ಶುರು. ನಮ್ಮ ತಾಲ್ಲೂಕಿನ ರಾಜಕೀಯ ಗೊತ್ತಿದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಫ್‌ಎಂಡಬ್ಲ್ಯೂನಿಂದ ಒಡೆದವರು 1991ರಲ್ಲಿ ‘ವಿಂಗ್’ ಕಟ್ಟಿದರು. ಅದು 1994ರಲ್ಲಿ ಮುಚ್ಚಿದಾಗ ಅಲ್ಲಿದ್ದವರು ಚದುರಿ ಹೋದರು. ಕೆಲವರು ಹಳೆಯ ಮನೆಗೇ ಮರಳಿ, ಅದರೊಳಗೆ ವೈರಿ ಬಣವಾಗಿ ನಿಂತರು. 1995ರಲ್ಲಿ ‘ಬಿಗ್ ಜಪಾನ್’ ಬಂತು. ಟ್ಯೂಬ್‌ಲೈಟ್ ಪಂದ್ಯಗಳಿಗೆ ಹೆಸರಾದದ್ದು ಅದೇ. 2000ದ ಸುಮಾರಿಗೆ ಅಮೆರಿಕದ ಸಿಜೆಡ್‌ಡಬ್ಲ್ಯೂ ಎಂಬ ಸಂಸ್ಥೆಯವರು ಝಂಡಿಗ್ ಎಂಬ ನಾಯಕನ ಹಿಂದೆ ದಂಡಾಗಿ ಬಂದು ಬಿಗ್ ಜಪಾನ್ ಮೇಲೆ ‘ಆಕ್ರಮಣ’ ಮಾಡಿದರು. 2009ರಲ್ಲಿ ತಕಾಶಿ ಸಸಾಕಿ ‘ಫ್ರೀಡಮ್ಸ್’ ಶುರು ಮಾಡಿದ. ಜಪಾನಿನಲ್ಲಿ ಬಣಕ್ಕೆ ‘ಗುನ್’ ಎನ್ನುತ್ತಾರೆ. ಅಂದರೆ ಸೇನೆ. ಒಂದು ಸಂಸ್ಥೆಯ ಸ್ವಂತ ಸೇನೆ, ಅದರ ವಿರುದ್ಧ ದಂಗೆ ಎದ್ದ ಸೇನೆ, ಹೊರಗಿನಿಂದ ನುಗ್ಗಿದ ಸೇನೆ. ಇವತ್ತಿನ ಮಿತ್ರ ಮುಂದಿನ ತಿಂಗಳು ಆಚೆ ಬಣದಲ್ಲಿರುತ್ತಾನೆ. ಇವನು ಯಾಕೆ ಅವನ ಮೇಲೆ ಗಾಜು ಒಡೆಯುತ್ತಿದ್ದಾನೆ ಎಂಬುದಕ್ಕೆ ಒಂದು ಕಾರಣ ಬೇಕಲ್ಲ? ಆ ಕಾರಣವೇ ಬಣ.

ಇದರಲ್ಲಿ ನಮ್ಮ ದೇಶದ ಮೂಲದವನೂ ಒಬ್ಬನಿದ್ದಾನೆ ಎಂದು ಗೊತ್ತಾದಾಗ ನಾವು ಕುಣಿದಾಡಿದೆವು. ಪಂಜಾಬಿನ ಲುಧಿಯಾನ ಜಿಲ್ಲೆಯಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಟೈಗರ್ ಜೀತ್ ಸಿಂಗ್, ಕತ್ತಿ ಹಿಡಿದು ಅಖಾಡಕ್ಕೆ ಬರುತ್ತಿದ್ದ. 1973ರಲ್ಲಿ ಟೋಕಿಯೊದ ಶಿಂಜುಕುವಿನ ನಡುಬೀದಿಯಲ್ಲೇ ಆಂಟೋನಿಯೊ ಇನೋಕಿಯ ಮೇಲೆ ಬಿದ್ದ ಗಲಾಟೆ ಅಲ್ಲಿ ಇವತ್ತಿಗೂ ದಂತಕಥೆ. 1990ರ ದಶಕದಲ್ಲಿ ಎಫ್‌ಎಂಡಬ್ಲ್ಯೂಗೂ ಬಂದು ಒನಿತಾನ ಎದುರು ಕಾದಾಡಿದ.

ಮಾವಿನ ತೋಪಿನ ಅಖಾಡ

2022ರ ಜುಲೈ. ಮಾವಿನ ಕಾಯಿ ಇಳಿಸಿ ಆಗಿತ್ತು. ಶ್ರೀನಿವಾಸಪುರದ ಹತ್ತಿರ ನಮ್ಮ ಚಿಕ್ಕಪ್ಪನ ತೋಪು ಖಾಲಿ. ಕಾವಲಿನವರೂ ಊರಿಗೆ ಹೋಗಿದ್ದರು. ನಾವು ಎರಡು ಬಣ ಮಾಡಿಕೊಂಡೆವು. ‘ಮ’ ಅಕ್ಷರದ ಮಾಲೂರು, ಮುಳಬಾಗಿಲು ಒಂದು ಕಡೆ. ಕೋಲಾರ, ಶ್ರೀನಿವಾಸಪುರ ಇನ್ನೊಂದು ಕಡೆ. ಒಂದು ತಿಂಗಳು ಕ್ಯಾಂಟೀನಿನಲ್ಲಿ ಕುಳಿತು ಪರಸ್ಪರ ಬೈದುಕೊಳ್ಳುವ ವಿಡಿಯೊ ಹಾಕಿದೆವು. ಕ್ಲಾಸಿನ ಹುಡುಗರು ‘ಮ್ಯಾಚ್ ಯಾವಾಗ ಮಗಾ?’ ಎಂದು ಕೇಳತೊಡಗಿದರು. ಆಮೇಲೆ ಹಿಂದೆ ಸರಿಯುವುದು ಕಷ್ಟವಾಯಿತು.

ಗುಜರಿ ಅಂಗಡಿಯಲ್ಲಿ ಹಳೆಯ ಟ್ಯೂಬ್‌ಲೈಟ್ ಒಂದಕ್ಕೆ 10 ರೂಪಾಯಿ. ಆರು ತಂದೆವು. ಮಾಲೂರಿನವನ ಕೈಯಲ್ಲಿ ಕ್ಯಾಮೆರಾ, ಕೋಲಾರದವನು ರೆಫರಿ. ಮುಳಬಾಗಿಲಿನವನ ಎದುರು ನಾನು. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಊಟ ಮಾಡುವಷ್ಟು ಗೆಳೆಯರು. ಅವನು ಆಗ ಅಗ್ನಿವೀರ್ ರ್‍ಯಾಲಿಗೆ ತಯಾರಾಗುತ್ತಿದ್ದ. 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸುತ್ತಿದ್ದ. ಪುಲ್ಅಪ್ ಹತ್ತು ತೆಗೆದರೆ ಪೂರ್ತಿ ಅಂಕ, ಅವನು ಹದಿನಾಲ್ಕು ತೆಗೆಯುತ್ತಿದ್ದ. ಅವನ ಮೈ ಗಟ್ಟಿ, ಅವನಿಗೆ ಏನೂ ಆಗಲ್ಲ ಎಂಬುದೇ ನಮ್ಮ ಧೈರ್ಯ.

ಒಪ್ಪಂದ ಹೀಗಿತ್ತು. ಅವನು ಬೆನ್ನು ಕೊಟ್ಟು ನಿಲ್ಲಬೇಕು. ನಾನು ಮೂರು ಎಣಿಸಿ ಬೆನ್ನಿಗೆ ಹೊಡೆಯಬೇಕು. ಬೆನ್ನಿಗೆ ದಪ್ಪ ಜೀನ್ಸ್ ಜಾಕೆಟ್ ಇತ್ತು. ಮೊದಲ ಎರಡು ಟ್ಯೂಬ್ ಹಾಗೇ ಒಡೆದವು. ದೊಡ್ಡ ಸದ್ದು, ಬಿಳಿ ಪುಡಿ, ನಗು. ಆದರೆ ವಿಡಿಯೊ ನೋಡಿದಾಗ ಅವನ ಮುಖದಲ್ಲಿ ಏನೂ ಇರಲಿಲ್ಲ. ಏಟು ಬರುವುದು ಗೊತ್ತಿದ್ದವನ ಮುಖ ಅದು. ‘ಇದು ಫೇಕ್ ಥರ ಕಾಣ್ತೈತೆ’ ಎಂದ ಕ್ಯಾಮೆರಾದವನು.

ಮೂರನೇ ಟ್ಯೂಬ್‌ಗೆ ನಾನು ‘ಒಂದು... ಎರಡು...’ ಎಂದವನು ಎರಡಕ್ಕೇ ಬೀಸಿದೆ. ನಿಜವಾದ ರಿಯಾಕ್ಷನ್ ಸಿಗಲಿ ಎಂದು.

ಅವನು ಅದೇ ಕ್ಷಣಕ್ಕೆ ಏನೋ ಹೇಳಲು ತಿರುಗುತ್ತಿದ್ದ. ಮುಖಕ್ಕೆ ಬರುತ್ತಿದ್ದ ಟ್ಯೂಬನ್ನು ಬಲಗೈಯಿಂದ ತಡೆದ. ಒಡೆದ ತುಂಡು ಮುಷ್ಟಿಯೊಳಗೇ ಸೇರಿತು. ಕಾಲು ಜಾರಿ ಅದೇ ಕೈಯ ಮೇಲೆ ಬಿದ್ದ. ವಿಡಿಯೊ 40 ಸೆಕೆಂಡ್ ಇತ್ತು. ಕೊನೆಯ ಹತ್ತು ಸೆಕೆಂಡ್ ಬರೀ ತೋಪಿನ ನೆಲ ಮತ್ತು ನಮ್ಮ ಕೂಗಾಟ. ಆ ರಾತ್ರಿಯೇ ನಾಲ್ವರೂ ಅದನ್ನು ಅಳಿಸಿದೆವು.

ಗಾಯಕ್ಕಿಂತ ದೊಡ್ಡ ಸುಳ್ಳು

ಬೈಕಿನಲ್ಲಿ ಅವನನ್ನು ಮಧ್ಯೆ ಕೂರಿಸಿಕೊಂಡು ಹೋಗುವಾಗಲೇ ನಾವು ಸುಳ್ಳು ತಯಾರು ಮಾಡಿದೆವು. ತೋಪಿನ ಬೇಲಿ ಹಾರುವಾಗ ಮುಳ್ಳುತಂತಿ ಕುಯ್ತು. ಡಾಕ್ಟರ್ ನೇರವಾಗಿಯೇ ಕೇಳಿದರು: ‘ಗಾಜೇನಾದರೂ ಇತ್ತಾ?’ ನಾನೇ ಉತ್ತರ ಕೊಟ್ಟೆ: ‘ಇಲ್ಲ ಸಾರ್, ತಂತಿ.’ ಅವರು ತೊಳೆದು ಹೊಲಿಗೆ ಹಾಕಿದರು, ಟಿಟಿ ಇಂಜೆಕ್ಷನ್ ಕೊಟ್ಟರು.

ಹತ್ತು ದಿನಕ್ಕೆ ಅಂಗೈ ಊದಿತು, ಕೀವು ತುಂಬಿತು. ಮೂರನೇ ವಾರ ಬೆರಳು ಮಡಚುವುದು ನಿಂತೇ ಹೋಯಿತು. ಬೆಂಗಳೂರಿನಲ್ಲಿ ಎಕ್ಸ್‌ರೇ ತೆಗೆದಾಗ ಗಾಜು ಕಾಣಿಸಿತು. ಬೆರಳನ್ನು ಎಳೆಯುವ ಟೆಂಡನ್ ಎಂಬ ಹುರಿ ಮೊದಲೇ ಸ್ವಲ್ಪ ಕುಯ್ದಿತ್ತು. ಒಳಗುಳಿದ ಚೂರು, ಸೋಂಕು ಎರಡೂ ಸೇರಿ ಅದನ್ನು ಪೂರ್ತಿ ಕಿತ್ತಿದ್ದವು. ಕೂಡಲೇ ಬಂದಿದ್ದರೆ ಜೋಡಿಸುವುದು ಸುಲಭ, ತಡವಾದಷ್ಟೂ ಅದು ಒಳಗೆ ಎಳೆದುಕೊಂಡು ಕುಗ್ಗುತ್ತದೆ ಎಂದು ಅಲ್ಲಿನ ಡಾಕ್ಟರ್ ವಿವರಿಸಿದರು. ಎರಡು ಆಪರೇಷನ್ ಆಯಿತು. ಅವನ ಅಮ್ಮ ಕೊರಳ ಸರ ಅಡವಿಟ್ಟರು. ಅವರಿಗೂ ನಾವು ತಂತಿಯ ಕಥೆಯನ್ನೇ ಹೇಳಿದ್ದೆವು. ಗಾಜು ಹೇಗೆ ಬಂತು ಎಂದಾಗ ‘ಬೇಲಿ ಹತ್ರ ಒಡೆದ ಬಾಟ್ಲಿ ಇತ್ತೇನೋ’ ಎಂದೆ.

ಎರಡು ಬೆರಳಿನ ಹಿಡಿತ ಇಲ್ಲದೆ ಪುಲ್ಅಪ್ ಕಂಬಿಗೆ ನೇತು ಹಾಕಿಕೊಳ್ಳುವುದು ಆಗುವುದಿಲ್ಲ. ಅಗ್ನಿವೀರ್‌ಗೆ ವಯಸ್ಸಿನ ಮಿತಿ ಇತ್ತು. ಅವನಿಗೆ ಆಗ 19. ಆ ವರ್ಷದ ರ್‍ಯಾಲಿಗೆ ಹೋಗಲಿಲ್ಲ. ಮುಂದಿನ ವರ್ಷ ಹೋಗುವ ಹಾಗೇ ಇರಲಿಲ್ಲ. ಅಷ್ಟರಲ್ಲಿ ವಯಸ್ಸೂ ಮೀರಿತು.

ಕ್ಲಿಪ್‌ನಲ್ಲಿ ಇಲ್ಲದ್ದು

ಒಂದು ವರ್ಷ ನಾನು ಕುಸ್ತಿ ವಿಡಿಯೊ ಮುಟ್ಟಲಿಲ್ಲ. ಆಮೇಲೆ ಮತ್ತೆ ನೋಡಿದೆ. ಈ ಸಲ 30 ಸೆಕೆಂಡಿನ ತುಣುಕುಗಳನ್ನಲ್ಲ, ಪೂರ್ತಿ ಪಂದ್ಯಗಳನ್ನು. ಅಲ್ಲಿ ನಾವು ನೋಡದೇ ಬಿಟ್ಟಿದ್ದೇ ಜಾಸ್ತಿ ಇತ್ತು.

ಮುಂದಿನ ಸಾಲಿನ ಪ್ರೇಕ್ಷಕರಿಗೆ ಗಾಜು ಸಿಡಿಯದಂತೆ ಪ್ಲಾಸ್ಟಿಕ್ ಹಾಳೆ ಕೊಟ್ಟಿರುತ್ತಾರೆ. ಪಂದ್ಯ ಮುಗಿದ ಕೂಡಲೇ ಹೊಸ ಹುಡುಗರು ಪೊರಕೆ ಹಿಡಿದು ಅಖಾಡ ಗುಡಿಸುತ್ತಾರೆ. ಸಣ್ಣ ಸಂಸ್ಥೆಗಳಲ್ಲಿ ಅಖಾಡ ಜೋಡಿಸುವವರು, ಬಿಚ್ಚುವವರು, ಟಿ-ಶರ್ಟ್ ಮಾರುವವರು ಎಲ್ಲ ಕುಸ್ತಿಪಟುಗಳೇ. ಟ್ಯೂಬ್ ಹೊಡೆಯುವ ಮುಂಚೆ ಇಬ್ಬರೂ ಒಬ್ಬರ ಕಣ್ಣು ಒಬ್ಬರು ನೋಡಿಕೊಳ್ಳುವ ಒಂದು ಗಳಿಗೆ ಇರುತ್ತದೆ. ಅದನ್ನೇ ನಾನು ‘ಫೇಕ್’ ಎಂದು ತೆಗೆದುಹಾಕಿದ್ದೆ.

1993ರ ಮೇ 5ರ ಪಂದ್ಯವನ್ನು ಕೊನೆಯವರೆಗೆ ನೋಡಿದೆ. ಕವಾಸಾಕಿಯಲ್ಲಿ ಒನಿತಾ ಮತ್ತು ಟೆರ್ರಿ ಫಂಕ್. ಇಂತಿಷ್ಟು ನಿಮಿಷಕ್ಕೆ ಇಡೀ ಅಖಾಡವೇ ಸ್ಫೋಟಿಸುತ್ತದೆ ಎಂಬುದು ನಿಯಮ. ಒನಿತಾ ಗೆದ್ದ. ಫಂಕ್ ಏಳಲಿಲ್ಲ. ಗಡಿಯಾರ ಓಡುತ್ತಿತ್ತು. ಹೊರಗೆ ಹೋಗಬೇಕಾದ ಒನಿತಾ ವಾಪಸ್ ಒಳಗೆ ಬಂದು ಫಂಕ್‌ನನ್ನು ಎಬ್ಬಿಸಲು ನೋಡಿದ. ಆಗಲಿಲ್ಲ. ಕೊನೆಗೆ ಅವನ ಮೇಲೆ ತಾನೇ ಕವುಚಿ ಮಲಗಿದ. ಅಖಾಡ ಸಿಡಿಯಿತು. ಇದೂ ಮೊದಲೇ ಬರೆದ ಕಥೆಯೇ ಇರಬಹುದು. ಆದರೆ ಆ ಜನಕ್ಕೆ ಅವರು ಹೇಳಲು ಆರಿಸಿಕೊಂಡ ಕಥೆ ಯಾವುದು ನೋಡಿ: ಗೆದ್ದವನು ಸೋತವನ ಮೈ ಕಾಯುವುದು.

ಕಾದರೂ ತಪ್ಪುವುದಿಲ್ಲ ಎಂಬುದೂ ನಿಜ. ಒನಿತಾನ ನಂತರ ಎಫ್‌ಎಂಡಬ್ಲ್ಯೂನ ಮುಖವಾದವನು ಹಯಾಬುಸಾ. ಮುಖವಾಡ ತೊಟ್ಟು ಹಕ್ಕಿಯಂತೆ ಹಾರುತ್ತಿದ್ದ. ಮುಳ್ಳುತಂತಿ, ಸ್ಫೋಟ ಎಲ್ಲವನ್ನೂ ದಾಟಿ ಬಂದವನು. 2001ರ ಅಕ್ಟೋಬರ್ 22ರಂದು ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ, ತಾನು ಎಷ್ಟೋ ಸಲ ಮಾಡಿದ್ದ ಜಿಗಿತಕ್ಕೆ ಹಗ್ಗದ ಮೇಲೆ ಕಾಲಿಟ್ಟಾಗ ಜಾರಿದ. ಕುತ್ತಿಗೆ ನೆಲಕ್ಕೆ ಬಡಿಯಿತು. ಮತ್ತೆ ಕುಸ್ತಿ ಆಡಲಿಲ್ಲ. ಕೆಲವೇ ತಿಂಗಳಲ್ಲಿ, 2002ರಲ್ಲಿ, ಎಫ್‌ಎಂಡಬ್ಲ್ಯೂ ದಿವಾಳಿಯಾಯಿತು. ಹಯಾಬುಸಾ ವರ್ಷಗಟ್ಟಲೆ ವ್ಯಾಯಾಮ ಮಾಡಿ, ಕೋಲು ಹಿಡಿದು ನಿಲ್ಲುವಷ್ಟಾದ. 2016ರಲ್ಲಿ ತೀರಿಕೊಂಡ. ಹತ್ತಾರು ವರ್ಷ ಕಲಿತವನಿಗೇ ಹೀಗಾದರೆ, 10 ರೂಪಾಯಿಯ ಟ್ಯೂಬ್ ತಂದ ನಮ್ಮ ಲೆಕ್ಕ ಎಲ್ಲಿಯದು?

ನಮ್ಮದೇ ನಾಡಿನ ರಕ್ತದ ಕಾಳಗ

ಹೋದ ವರ್ಷ ಒಂದು ಪರೀಕ್ಷೆ ಬರೆಯಲು ಮೈಸೂರಿಗೆ ಹೋಗಿದ್ದೆ. ದಸರೆಗೆ ಇನ್ನೂ ಕೆಲವು ದಿನ ಇತ್ತು. ಪೇಪರ್ ಮುಗಿದ ಮೇಲೆ ಬಸ್ಸಿಗೆ ಸಮಯವಿತ್ತು. ಊರು ಸುತ್ತುವಾಗ ಒಂದು ಗರಡಿ ಮನೆ ಕಾಣಿಸಿತು. ಕೆಂಪು ಮಟ್ಟಿ, ಅರಿಶಿನ ಮತ್ತು ಎಣ್ಣೆಯ ವಾಸನೆ, ಲಂಗೋಟಿ ಕಟ್ಟಿದ ಹುಡುಗರು. ಬಾಗಿಲಲ್ಲೇ ನಿಂತವನನ್ನು ವಯಸ್ಸಾದ ಉಸ್ತಾದ್ ಒಬ್ಬರು ಒಳಗೆ ಕರೆದರು. ಚಪ್ಪಲಿ ಬಿಟ್ಟು ಹೋದೆ.

ಅವರೇ ವಜ್ರಮುಷ್ಟಿ ಕಾಳಗದ ಮಾತು ತೆಗೆದರು. ವಿಜಯದಶಮಿಯ ಬೆಳಗ್ಗೆ ಅರಮನೆಯ ಅಂಗಳದಲ್ಲಿ ನಡೆಯುವುದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ತಲೆ ಬೋಳಿಸಿ ಜುಟ್ಟು ಬಿಟ್ಟ ಜಟ್ಟಿಗಳು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳಿಂದ ಬಂದವರು. ಬಲಗೈ ಬೆರಳಿಗೆ ಮೊನಚಾದ ವಜ್ರಮುಷ್ಟಿ. ಹಿಂದೆ ಅದನ್ನು ದಂತ, ಕೊಂಬಿನಿಂದ ಮಾಡುತ್ತಿದ್ದರು. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. ಕೆಲವು ಸಲ ಒಂದು ನಿಮಿಷವೂ ಆಗಿರುವುದಿಲ್ಲ. ಆಮೇಲೆ ದಸರೆಯ ಉಳಿದ ಕಾರ್ಯಕ್ರಮ ಮುಂದುವರಿಯುತ್ತದೆ.

ಇದರ ಬೇರು ವಿಜಯನಗರದ ಮಹಾನವಮಿಯವರೆಗೂ ಹೋಗುತ್ತದೆ. ಮುಳಬಾಗಿಲು ಆಗ ಆ ಸಾಮ್ರಾಜ್ಯದ ಒಂದು ಪ್ರಾಂತ್ಯದ ಕೇಂದ್ರ. 16ನೇ ಶತಮಾನದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯಲ್ಲಿ ಜಟ್ಟಿಗಳು ಹಲ್ಲು ಮುರಿಯುವಂತೆ, ಮುಖ ಕೆಡುವಂತೆ ಗುದ್ದಾಡುತ್ತಿದ್ದರು, ಮಾತು ನಿಂತವರನ್ನು ಗೆಳೆಯರೇ ಹೊತ್ತೊಯ್ಯುತ್ತಿದ್ದರು ಎಂದು ಬರೆದಿದ್ದಾನೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಬೈಕು.

ಉಸ್ತಾದ್ ಹೇಳಿದ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು: ಜೋಡಿ ಕಟ್ಟುವುದು. ದಸರಾ ಕುಸ್ತಿ ಆಗಲಿ, ವಜ್ರಮುಷ್ಟಿ ಆಗಲಿ, ಯಾರ ಎದುರು ಯಾರು ಎಂಬುದನ್ನು ಹುಡುಗರು ತೀರ್ಮಾನಿಸುವುದಿಲ್ಲ. ಮುಂಚಿತವಾಗಿ ಹಿರಿಯರು ಕೂರುತ್ತಾರೆ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸುತ್ತಾರೆ. ಎತ್ತರ, ಮೈಕಟ್ಟು, ಅನುಭವ ಸಮ ಎಂದು ಕಂಡರೆ ಮಾತ್ರ ಕೈ ಕೂಡಿಸುತ್ತಾರೆ. ಗರಡಿ ಗರಡಿಗೂ ಪೈಪೋಟಿ ಇದ್ದೇ ಇದೆ. ಈ ಗರಡಿಯ ಹುಡುಗ ಆ ಗರಡಿಯವನ ಕೈಯಲ್ಲಿ ಸೋತರೆ ಇಡೀ ಬೀದಿ ಮೂರು ದಿನ ಮುಖ ಎತ್ತುವುದಿಲ್ಲ. ಆದರೂ ಜೋಡಿ ಕಟ್ಟುವಾಗ ಎರಡೂ ಕಡೆಯ ಹಿರಿಯರು ಒಂದೇ ಜಮಖಾನದ ಮೇಲೆ ಕೂರುತ್ತಾರೆ.

ನಾನು ಸುಮ್ಮನಿರಲಾಗದೆ ನಮ್ಮ ಕಥೆ ಹೇಳಿದೆ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ:

‘ನಮ್ಮಲ್ಲಿ ಹುಡುಗ ಬಂದರೆ ಮೊದಲು ಬೀಳೋದು ಕಲಿಸ್ತೀವಿ. ಬೀಳಿಸೋದು ಆಮೇಲೆ. ನಿಮಗೆ ಬೀಳೋದು ಯಾರು ಹೇಳಿಕೊಟ್ಟರಪ್ಪಾ?’

ಯಾರೂ ಹೇಳಿಕೊಟ್ಟಿರಲಿಲ್ಲ. ನಮಗೆ ಉಸ್ತಾದ್ ಇರಲಿಲ್ಲ. ರಕ್ತ ಕಂಡ ಕೂಡಲೇ ನಿಲ್ಲಿಸುವ ಹಿರಿಯರೂ ಇರಲಿಲ್ಲ. ಜಪಾನಿನ ಬಣಗಳಿಂದ ನಾವು ಕಲಿತದ್ದು ವೈರ ಮಾತ್ರ. ಆ ವೈರದ ಹಿಂದೆ ಇದ್ದ ಕಟ್ಟುಪಾಡು ಕ್ಲಿಪ್‌ನಲ್ಲಿ ಬಂದಿರಲಿಲ್ಲ.

ರಕ್ತ ಹರಿಸುವ ಆಟ ಸರಿಯೋ ತಪ್ಪೋ ಎಂದು ತೀರ್ಪು ಕೊಡುವಷ್ಟು ದೊಡ್ಡವನಲ್ಲ ನಾನು. ವಜ್ರಮುಷ್ಟಿ ನೋಡಿ ಮುಖ ತಿರುಗಿಸುವವರಿದ್ದಾರೆ, ಡೆತ್‌ಮ್ಯಾಚ್ ನೋಡಿ ಛೀ ಎನ್ನುವವರು ಇನ್ನೂ ಜಾಸ್ತಿ. ಅವರ ಮಾತಿನಲ್ಲೂ ಸತ್ಯವಿದೆ. ನನಗೆ ಗೊತ್ತಾದದ್ದು ಇಷ್ಟೇ. ಎದುರು ನಿಂತವನು ನಿನ್ನನ್ನು ನಂಬಿ ಬೆನ್ನು ಕೊಟ್ಟಿರುತ್ತಾನೆ. ಮೂರಕ್ಕೆ ಎಂದರೆ ಮೂರಕ್ಕೇ.

ಎರಡಕ್ಕೇ ಹೊಡೆದೆ

ಮೈಸೂರಿನಿಂದ ಬಂದ ಮೇಲೆ ಮಂಡಿಗೆ ಹೋಗಿ ಅವನಿಗೆ ಹೇಳಿದೆ. ‘ಅವತ್ತು ಕೈ ತಪ್ಪಿ ಆಗಿದ್ದಲ್ಲ ಕಣೋ. ನಾನು ಬೇಕಂತಲೇ ಎರಡಕ್ಕೇ ಹೊಡೆದೆ. ವಿಡಿಯೊಗೋಸ್ಕರ.’ ಅವನು ಕೈಯಲ್ಲಿದ್ದ ಲೆಕ್ಕ ಮುಗಿಸಿದ. ಪುಸ್ತಕ ಮುಚ್ಚಿದ. ‘ಈಗ ಹೋಗು’ ಎಂದ. ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ.

ಆಮೇಲೆ ಒಂದು ಭಾನುವಾರ ಅವನೇ ಫೋನ್ ಮಾಡಿದ. ‘ಅಮ್ಮಂಗೆ ಹೇಳ್ಬೇಕು. ನೀನೂ ಬಾ. ನಾನೂ ಸುಳ್ಳು ಹೇಳಿದೀನಲ್ಲ.’

ಮುಳಬಾಗಿಲಿನ ಅವರ ಮನೆಯಲ್ಲಿ, ಅಡುಗೆಮನೆಯ ಬಾಗಿಲ ಹತ್ತಿರ ನೆಲದ ಮೇಲೆ ಕುಳಿತು ಇಬ್ಬರೂ ಹೇಳಿದೆವು. ತೋಪು, ಟ್ಯೂಬ್, ಎರಡು-ಮೂರರ ಲೆಕ್ಕ, ತಂತಿಯ ಸುಳ್ಳು. ಅಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದರು. ಟ್ಯೂಬ್ ಹೊಡೆದದ್ದಕ್ಕೆ ಅವರು ಬೈಯಲಿಲ್ಲ. ಡಾಕ್ಟರಿಗೆ ಹೇಳಿದ ಸುಳ್ಳಿನ ಮಾತು ಬಂದಾಗ ಮಾತ್ರ ಕೈ ನಿಲ್ಲಿಸಿದರು.

‘ಹುಡುಗ್ರು ಆಟ ಆಡ್ತಾರೆ, ಏಟು ಮಾಡ್ಕೊಂತಾರೆ ನಾಯ್ನಾ. ಆದ್ರೆ ಡಾಕ್ಟ್ರು ಬಾಯಿಬಿಟ್ಟು ಕೇಳಿದ್ರಲ್ಲ, ಗಾಜು ಐತಾ ಅಂತ? ಅವರಿಗಾದ್ರೂ ಹೇಳ್ಬಾರದಾಗಿತ್ತಾ?’

ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅಡವಿಟ್ಟ ಸರ ಬಿಡಿಸಲು ನಾನು ತಿಂಗಳಿಗೆ ಇಷ್ಟು ಎಂದು ಕೊಡುತ್ತಿದ್ದೇನೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ, ಜೊತೆಗೆ ಪರೀಕ್ಷೆಗೆ ಓದು. ಅವನು ಎಫ್‌ಡಿಎಗೆ ಅರ್ಜಿ ಹಾಕಿದ್ದಾನೆ. ಅಲ್ಲಿ ಪುಲ್ಅಪ್ ಇಲ್ಲ. ಮಾಲೂರಿನವನು, ಕೋಲಾರದವನು ಇಬ್ಬರೂ ಭಾನುವಾರ ಸಿಗುತ್ತಾರೆ. ಕುಸ್ತಿಯ ಮಾತು ಮತ್ತೆ ಬರುತ್ತದೆ. ನಾವು ಈಗಲೂ ಅಭಿಮಾನಿಗಳೇ.

ಮಿನಮಾಟ ಒಪ್ಪಂದದ ದೇಶಗಳು 2027ರ ಕೊನೆಗೆ ಟ್ಯೂಬ್‌ಲೈಟ್‌ಗಳ ತಯಾರಿಕೆ, ಆಮದು, ರಫ್ತು ನಿಲ್ಲಿಸಲು ಒಪ್ಪಿವೆ. ಅದರೊಳಗಿನ ಪಾದರಸವೇ ಕಾರಣ. ಆ ಬಿಳಿ ಪುಡಿಯ ಜೊತೆ ಪಾದರಸವೂ ಇರುತ್ತದೆ ಎಂಬುದು ಅವತ್ತು ನಮಗೆ ಗೊತ್ತಿರಲಿಲ್ಲ. ಟ್ಯೂಬ್‌ಲೈಟ್ ಹೋದರೂ ಹುಡುಗರ ಕೈಗೆ ಇನ್ನೊಂದು ಸಿಗುತ್ತದೆ, ಇನ್ನೊಂದು ಕ್ಲಿಪ್ ಬರುತ್ತದೆ. ಇದನ್ನು ಓದುವ ಯಾರಾದರೂ ಹಾಗೊಂದು ತೋಪಿನಲ್ಲಿ ನಿಂತಿದ್ದರೆ ನಾನು ಹೇಳುವುದು ಎರಡೇ. ಕಲಿಸುವವರಿಲ್ಲದೆ ಎತ್ತಬೇಡಿ. ಎತ್ತಿ, ಏನಾದರೂ ಆಗಿಹೋದರೆ, ಡಾಕ್ಟರ ಮುಂದೆ ಸುಳ್ಳು ಹೇಳಬೇಡಿ. ಗಾಜಿನ ಚೂರು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತದೆ. ಗಾಜು ಇತ್ತು ಎಂದು ಹೇಳಬೇಕು, ಅಷ್ಟೇ.

ಬರೆದದ್ದನ್ನು ಕಳಿಸುವ ಮುಂಚೆ ಮಂಡಿಗೆ ಹೋಗಿ ಅವನಿಗೆ ಓದಲು ಕೊಟ್ಟೆ. ಹರಾಜು ಮುಗಿಯುವವರೆಗೆ ಕಾಯಿಸಿ, ಆಮೇಲೆ ಕುಳಿತು ಪೂರ್ತಿ ಓದಿದ. ಒಂದೇ ತಿದ್ದುಪಡಿ ಹೇಳಿದ.

‘ಬೆನ್ನು ಕೊಟ್ಟು ನಿಂತ ಅಂತ ಬರೆದಿದೀಯ. ಒಪ್ಕೊಂಡೇ ನಿಂತೆ ಅಂತ ಸೇರಿಸು. ನನ್ನ ಪಾಲಿಂದು ನಂಗಿರಲಿ.’

ಸೇರಿಸಿದ್ದೇನೆ.